ಗುರಮ್ಮ ಹೇಳಿದ್ದು, ನಾನು ಹೇಳಿದ್ದು

ಸುಭದ್ರಾ, ಐರ್ಲೆಂಡಿನಿಂದ ಬಂದ ಆ ಹಾಳೆಯಲ್ಲಿರುವ ಮಾತು ನಿನ್ನ ತಾಯಿಯದಲ್ಲ. ನನ್ನದು. ಗುರಮ್ಮ ಸತ್ಯವನ್ನೇ ಹೇಳಿದಳು. ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿದ್ದ ನಾನು ಸುಳ್ಳು ಹೇಳಿದೆ. ಡಾಕ್ಟರಮ್ಮ ಬರೆದುಕೊಂಡದ್ದು ನನ್ನ ಸುಳ್ಳನ್ನು.

ಹೋದ ವಾರ ನೀನು ನನ್ನ ಮನೆಯಲ್ಲಿ ಕೂತು ಸತ್ತ ತಾಯಿಯನ್ನು ಬಾಯಿಗೆ ಬಂದಂತೆ ಬೈದೆ. ನಾನು ಕೇಳುತ್ತ ಕೂತೆ — ಚಹಾ ಬೇರೆ ಕೊಟ್ಟೆ. ನಿನಗೆ ಕನ್ನಡ ಓದಲು ಬರುತ್ತದೆ. ಇದನ್ನು ಓದಿ ಹೇಳಲು ಯಾರೂ ಬೇಕಿಲ್ಲ, ನಾನಂತೂ ಬೇಡವೇ ಬೇಡ.

ಆಗ ನಮ್ಮ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಬಸವಕಲ್ಯಾಣದ ಬಟ್ಟೆ ವ್ಯಾಪಾರಿಯ ಮಗಳು ನಾನು. ಹೈದರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಇಂಗ್ಲಿಷ್ ಕಲಿತಿದ್ದೆ. ಹುಮನಾಬಾದಿನಲ್ಲಿ ಐರ್ಲೆಂಡಿನ ಹೆಂಗಸೊಬ್ಬರು ಸಣ್ಣ ದವಾಖಾನೆ ನಡೆಸುತ್ತಿದ್ದರು, ಊರಿಗೆಲ್ಲ ಡಾಕ್ಟರಮ್ಮ. ಅವರಿಗೆ ಕನ್ನಡ ಬಾರದು. ರೋಗಿಗಳ ಮಾತನ್ನು ಅವರಿಗೆ ತಲುಪಿಸುವುದು ನನ್ನ ಕೆಲಸ. ಹೆಂಗಸರು ಹೇಳಿದ್ದನ್ನೆಲ್ಲ ಅವರು ಬರೆದಿಡುತ್ತಿದ್ದರು — ನೋವು ಎಲ್ಲಿ ಎಂಬುದನ್ನಷ್ಟೇ ಅಲ್ಲ, ಹೇಗೆ ಬಂತು ಎಂಬುದನ್ನೂ.

ಒಂದು ಬೆಳಿಗ್ಗೆ ಮೋರಖಂಡಿಯಿಂದ ನಿನ್ನ ತಾಯಿ ಬಂದಳು. ಎಡಗೈ ಮುರಿದಿತ್ತು. ನೆರೆಮನೆಯ ಮುದುಕಿ ನಿನ್ನನ್ನು ಸೊಂಟದ ಮೇಲೆ ಹೊತ್ತು, ಅವಳನ್ನು ಹಿಡಿದುಕೊಂಡು ಬಸ್ಸಿನಲ್ಲಿ ಕರೆತಂದಿದ್ದಳು. ಗುರಮ್ಮ ಅಳಲಿಲ್ಲ. ಸಿಟ್ಟಿನಿಂದ ನಡುಗುತ್ತಿದ್ದಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಕೇಳು:

“ನನ್ನ ಭಾವ ಮಾಳಗಿ ಮ್ಯಾಲಿಂದ ನೂಕ್ಯಾನ. ಸತ್ತ ಗಂಡನ ಪಾಲಿನ ಹೊಲ ಕೇಳಿದೆ, ಅದಕ್ಕ ನೂಕ್ಯಾನ. ಸಾಯ್ಲಿ ಅಂತಲೇ ನೂಕ್ಯಾನ. ಬರಕೋ ಅಂತ ಹೇಳವ್ವ ಆಕಿಗಿ. ನಾಳೆ ನಾ ಸತ್ತರ ನನ್ನ ಮಗಳಿಗರೆ ಗೊತ್ತಾಗ್ಲಿ.”

ಆ ಭಾವನ ಮಗನಿಗೆ ನನ್ನ ಅಕ್ಕನನ್ನು ಗೊತ್ತುಮಾಡಿದ್ದರು. ಮದುವೆಯ ಸೀರೆ ಕೊಂಡಾಗಿತ್ತು. ಅಪ್ಪ ಆ ಮನೆತನದ ಹೆಸರು ಹೇಳುವಾಗ ಎದೆ ಉಬ್ಬಿಸುತ್ತಿದ್ದರು. ಇದೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಓಡಿತು — ಇಲ್ಲ, ಕ್ಷಣ ಎಂದು ಹೇಳಿ ಜಾರಿಕೊಳ್ಳಲಾರೆ. ಯೋಚಿಸಲು ನನಗೆ ಬೇಕಾದಷ್ಟು ಹೊತ್ತಿತ್ತು. ಡಾಕ್ಟರಮ್ಮ ಪೆನ್ನು ಹಿಡಿದು ಕಾಯುತ್ತಿದ್ದರು.

ನಿಚ್ಚಣಿಕೆ ಜಾರಿ ತಾನೇ ಬಿದ್ದಳಂತೆ, ಎಂದೆ. ಭುಜದ ಮೇಲೆ ಬೆರಳಿನ ಗುರುತು ಯಾಕಿದೆ ಎಂದು ಅವರು ಕೇಳಿದರು. ಬಿದ್ದವಳನ್ನು ಎತ್ತಿದವರ ಕೈಗುರುತು, ಎಂದೆ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಭಾವನೇ ಅನ್ನ ಹಾಕುತ್ತಿದ್ದಾನಂತೆ, ಹೊಲದ ಪಾಲು ತನಗೆ ಬೇಡವಂತೆ — ಇದನ್ನು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದೆ.

“ಬರದಾಳೇನವ್ವ?” ಎಂದು ಗುರಮ್ಮ ಕೇಳಿದಳು.

“ಬರದಾರ.”

“ಎಲ್ಲಾ?”

“ಎಲ್ಲಾ ಬರದಾರ.”

ಮುರಿಯದೆ ಉಳಿದಿದ್ದ ಕೈಯಿಂದ ಅವಳು ನನ್ನ ಗಲ್ಲ ಸವರಿದಳು. ಸುಭದ್ರಾ, ಆ ಕೈ ಕೆನ್ನೆಗೆ ಬಾರಿಸಿದ್ದರೆ ಇವತ್ತು ನಾನು ಇಷ್ಟು ಉರಿಯುತ್ತಿರಲಿಲ್ಲ.

ಡಾಕ್ಟರಮ್ಮ ಎಲ್ಲ ಬರೆದುಕೊಂಡಿದ್ದಾರೆ ಎಂದು ಗುರಮ್ಮ ಊರಲ್ಲಿ ಹೇಳಿದಾಗ, ನಿನ್ನ ದೊಡ್ಡಪ್ಪ ಅವಳನ್ನು ಬಿಟ್ಟು ಊರಿನ ಇಬ್ಬರು ಹಿರಿಯರನ್ನಷ್ಟೇ ಕರೆದುಕೊಂಡು ದವಾಖಾನೆಗೆ ಬಂದ. ಅವಳು ಏನು ಹೇಳಿದ್ದಾಳೆ, ಓದಿ ಎಂದರು. ಡಾಕ್ಟರಮ್ಮ ಓದಿದರು, ನಾನು ಕನ್ನಡದಲ್ಲಿ ಹೇಳಿದೆ. ಆ ದಿನ ಮಾತ್ರ ನನ್ನ ಬಾಯಲ್ಲಿ ಒಂದಕ್ಷರ ತಪ್ಪಲಿಲ್ಲ! ಪಾಲು ಬೇಡವೆಂದು ಅವಳೇ ಒಪ್ಪಿದ್ದಾಳೆಂದು ಹಿರಿಯರು ತೀರ್ಮಾನ ಕೊಟ್ಟರು. ಗುರಮ್ಮ ನಿನ್ನನ್ನು ಕಟ್ಟಿಕೊಂಡು ಹುಲಸೂರಿಗೆ ಹೋಗಿ ಕಂಡವರ ಹೊಲದಲ್ಲಿ ಕಳೆ ಕಿತ್ತಳು. ಅಕ್ಕನ ಮದುವೆ ಆಯಿತು. ನಿಮ್ಮ ಹೊಲದ ತೊಗರಿ ವರ್ಷಾವರ್ಷ ನಮ್ಮ ಮನೆಗೂ ಬಂತು. ಉಂಡರು ಎಲ್ಲರೂ. ನಾನೂ ಉಂಡೆ.

ಡಾಕ್ಟರಮ್ಮ ಮುಪ್ಪಿನಲ್ಲಿ ತಮ್ಮ ದೇಶಕ್ಕೆ ಹೋಗಿ ತೀರಿಕೊಂಡರು. ಅವರ ಮನೆತನದ ಕಾಗದಪತ್ರಗಳ ಜೊತೆ — ಅಜ್ಜನ ಪತ್ರಗಳು, ಒಡಹುಟ್ಟಿದವರ ಫೋಟೋಗಳು — ನಮ್ಮ ಹೆಂಗಸರ ಮಾತುಗಳೂ ಅಲ್ಲಿಯ ಪತ್ರಾಗಾರ ಸೇರಿದವು. ಗೆದ್ದಲು ತಾಗದ ಹಾಗೆ, ತೇವ ತಗುಲದ ಹಾಗೆ ಕಾಯುತ್ತಾರಂತೆ. ಕಾಯಲಿ! ಏನನ್ನು ಕಾಯುತ್ತಿದ್ದೇವೆಂದು ಆ ಪುಣ್ಯಾತ್ಮರಿಗೆ ಗೊತ್ತಿಲ್ಲ.

ಹಿರಿಯರು ತನಗೆ ಮೋಸ ಮಾಡಿದರು, ಹಾಳೆಯಲ್ಲಿ ನಿಜವೇ ಇದೆ ಎಂದು ನಿನ್ನ ತಾಯಿ ಸಾಯುವವರೆಗೂ ನಂಬಿದ್ದಳು. “ಡಾಕ್ಟರಮ್ಮ ಬರಕೊಂಡಾಳ, ಆ ಹುಡುಗಿ ಸಾಕ್ಷಿ ಅದಾಳ” ಎಂದು ನಿನಗೆ ಹೇಳುತ್ತಿದ್ದಳಂತೆ. ಆ ನಂಬಿಕೆಯ ಮೇಲೆಯೇ ನೀನು ದವಾಖಾನೆಯ ಹಳೆಯ ನರ್ಸಮ್ಮನಿಂದ ಐರ್ಲೆಂಡಿಗೆ ಬರೆಸಿದೆ, ನಕಲು ತರಿಸಿದೆ. ತರಿಸಿ, ಆ ಹುಡುಗಿ ನಾನೇ ಎಂದು ತಿಳಿಯದೆ, ಇಂಗ್ಲಿಷ್ ಬಲ್ಲ ಶಾಲೆಯ ಅಕ್ಕೋರೆಂದು — ನನ್ನ ಹತ್ತಿರವೇ ಬಂದೆ.

“ಓದ್ರಿ ಅಕ್ಕೋರ. ನಮ್ಮವ್ವ ಅಂದಿದ್ದು ಅಂದಂಗೇ ಓದ್ರಿ.”

ಇಷ್ಟು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು, ಹಾಳೆಯ ಮೇಲೆ ಕಣ್ಣಿಟ್ಟು, ಅದರಲ್ಲಿಲ್ಲದ್ದನ್ನು ಓದಿದೆ. ಭಾವ ನೂಕಿದ, ಹೊಲಕ್ಕಾಗಿ ನೂಕಿದ, ಮಗಳಿಗೆ ಗೊತ್ತಾಗಲಿ — ಗುರಮ್ಮನ ಮಾತನ್ನೆಲ್ಲ ಅಂದಂತೆಯೇ ಹೇಳಿದೆ. ಅದೂ ನನ್ನನ್ನು ಉಳಿಸಿಕೊಳ್ಳುವುದಕ್ಕೆ. ನೀನು ಹಾಳೆಯನ್ನು ಕಣ್ಣಿಗೊತ್ತಿಕೊಂಡು ಅತ್ತೆ. ನೇರ ಹುಮನಾಬಾದಿನ ವಕೀಲರ ಹತ್ತಿರ ಹೋದೆ. ಅವರು ಇದ್ದದ್ದನ್ನು ಓದಿದರು.

ತಿರುಗಿ ಬಂದು ನೀನು ನನ್ನ ಕುತ್ತಿಗೆ ಹಿಡಿಯುತ್ತೀ ಎಂದುಕೊಂಡಿದ್ದೆ. ನೀನು ಹೇಳಿದ್ದೇ ಬೇರೆ:

“ಅವ್ವ ತಾನೇ ಬಿದ್ದಾಳ್ರಿ, ತಾನೇ ಹೊಲ ಬ್ಯಾಡಂದಾಳ. ಜಲ್ಮ ಪೂರ್ತಿ ನನ್ನ ಮುಂದ ಸುಳ್ಳ ಆಡ್ಯಾಳ, ಸುಳ್ಳಬುರಕಿ. ನೀವರೆ ನನ್ನ ಮಾರಿ ನೋಡಿ, ಮನಸು ಮುರೀಬಾರದು ಅಂತ ಬ್ಯಾರೆ ಓದಿದ್ರಿ. ನಿಮ್ಮಂಥೋರು ಎಲ್ಲಿ ಸಿಗ್ತಾರ್ರಿ?”

ಎಂದು ನನಗೆ ಕೈಮುಗಿದೆ. ನನಗೆ!

“ಆಗ ನೀ ಸಣ್ಣಾಕಿ ಇದ್ದಿ, ಬಿಡು” ಎನ್ನುತ್ತಾರೆ ನನ್ನ ಗಂಡ. ಸಣ್ಣವಳೇ? ಅದೇ ವಯಸ್ಸಿಗೆ ಗುರಮ್ಮ ಗಂಡನನ್ನು ಕಳೆದುಕೊಂಡು, ಕೈ ಮುರಿದುಕೊಂಡು, ಮಗುವಿನ ಪಾಲಿಗಾಗಿ ಒಬ್ಬಳೇ ನಿಂತಿದ್ದಳು. ಈ ‘ಬಿಡು’ ಎಂಬ ಮಾತು ಕೇಳಿದರೆ ಈಗ ಮೈಯೆಲ್ಲ ಉರಿಯುತ್ತದೆ. ಬಿಟ್ಟು ಬಿಟ್ಟೇ ಇಲ್ಲಿಗೆ ಬಂದದ್ದು.

ಮೊನ್ನೆ ಅಕ್ಕನಿಗೆ ತಿಳಿಸಿದೆ. “ಬಾಯಿ ಬಿಟ್ಟರ ನಮ್ಮ ಹೊಸ್ತಿಲ ತುಳೀಬ್ಯಾಡ” ಎಂದಳು. ತುಳಿಯುವುದಿಲ್ಲ. ನಿನ್ನ ತಾಯಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, ತಿರುಚಿದವಳು ನಾನು ಎಂದು ರುಜು ಹಾಕಿ ಐರ್ಲೆಂಡಿಗೆ ಕಳಿಸಿದ್ದೇನೆ. ಹಳೆಯ ಹಾಳೆಯನ್ನು ತೆಗೆಯಬೇಡಿ, ಅದರ ಪಕ್ಕದಲ್ಲೇ ಇದನ್ನು ಇಡಿ ಎಂದು ಕೇಳಿಕೊಂಡಿದ್ದೇನೆ. ಇದರಿಂದ ಹೊಲ ಸಿಗುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ವಕೀಲರು ಕರೆದಲ್ಲಿಗೆ ಬಂದು ಸಾಕ್ಷಿ ಹೇಳುತ್ತೇನೆ.

ಬರುವ ಭಾನುವಾರ ಮೋರಖಂಡಿಗೆ ಹೋಗುತ್ತೇನೆ. ಚಾವಡಿಯ ಮುಂದೆ, ಅಕ್ಕನ ಮನೆಯವರೆಲ್ಲ ಕೇಳುವ ಹಾಗೆ ಹೇಳುತ್ತೇನೆ. ನೀನು ಬರಲೇಬೇಕೆಂದಿಲ್ಲ. ಬಂದರೆ ಮಾತ್ರ ನನ್ನ ಪಕ್ಕದಲ್ಲಿ ನಿಲ್ಲಬೇಡ, ಸುಭದ್ರಾ. ಎದುರಿಗೆ ನಿಲ್ಲು.