ಸತ್ತ ರಾಜನ ಮದುವೆ

ದೇವರ ಪುಸ್ತಕವನ್ನು ನಾನು ಕಣ್ಣಿಗೊತ್ತಿಕೊಂಡಷ್ಟು ಸಲ ಕಣ್ಣಿಟ್ಟು ಓದಿಲ್ಲ. ಇದನ್ನು ತೊಗರ್ಸಿಯಲ್ಲಿ ಮಾತ್ರ ಯಾರಿಗೂ ಹೇಳಬೇಡಿ. ಹದಿನೈದು ವರ್ಷಗಳಿಂದ ಶ್ರಾವಣದಲ್ಲಿ ಅಲ್ಲಿಯ ಗುಡಿಯಲ್ಲಿ ಪುರಾಣ ಓದುವವನು ನಾನೇ. ಬಾಯಿ ಓದುತ್ತಿರುತ್ತದೆ, ಮನಸ್ಸು ಆನವಟ್ಟಿ ಬಸ್ಸಿಗೆ ಕಾಯುತ್ತಿರುತ್ತದೆ.

ಹೋದ ವರ್ಷ ಪುಸ್ತಕದ ಹೊಲಿಗೆ ಬಿಚ್ಚಿತು. ಪಕ್ಕದ ಪೇಟೆಗೆ ಕಳಿಸುವ ಬದಲು ನಾನೇ ಸೂಜಿ ಹಿಡಿದೆ. ಹರಿದ ಅಂಚು ಸಮವಾಗಲೆಂದು ಕತ್ತರಿಯಾಡಿಸಿದ್ದಕ್ಕೆ ಪುಟಸಂಖ್ಯೆಗಳೆಲ್ಲ ಉದುರಿದವು. ಆಮೇಲೆ ಫ್ಯಾನಿನ ಗಾಳಿಗೆ ಹಾಳೆಗಳು ಹಾರಿದವು. ಆಯ್ದು, ತೋಚಿದಂತೆ ಜೋಡಿಸಿ, ಹೊಲಿದು, ಕುಂಕುಮ ಹಚ್ಚಿದೆ. ಕುಂಕುಮ ಬಿದ್ದ ಪುಸ್ತಕವನ್ನು ನಮ್ಮಲ್ಲಿ ಯಾರೂ ಅನುಮಾನಿಸುವುದಿಲ್ಲ.

ಶ್ರಾವಣದ ಓದು ಶುರುವಾದ ಮೂರನೆಯ ದಿನ ಪುರಾಣದ ರಾಜ ತೀರಿಕೊಂಡ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪುಟ ತಿರುವಿದರೆ ಅದೇ ರಾಜನ ಮದುವೆಯ ದಿಬ್ಬಣ ಹೊರಟಿತ್ತು! ನಾನು ರಾಗ ಬದಲಿಸದೆ ಓದಿದೆ, ಜನ ಭಕ್ತಿ ಬದಲಿಸದೆ ತಲೆದೂಗಿದರು.

ಕಂಬಕ್ಕೊರಗಿ ಕೂತಿದ್ದ ಬೀರವ್ವ ಮಾತ್ರ ಕೈ ಎತ್ತಿದಳು. ಕುರಿ ಸಾಕುವ ಮುದುಕಿ, ಅಕ್ಷರ ಕಂಡವಳಲ್ಲ.

"ಮೇಷ್ಟ್ರೇ, ಸತ್ತೋನಿಗೆ ಮದುವಿ ಹೆಂಗ್ರೀ?"

"ಎಲ್ಲಾ ಶಿವನ ಲೀಲೆ ಬೀರವ್ವ," ಎಂದೆ. ಸಭೆ ಕೈಮುಗಿಯಿತು.

"ಶಿವನ ಲೀಲಿ ನಂಗೂ ಗೊತ್ತೈತ್ರಿ. ಇದು ನಿಮ್ಮ ಲೀಲಿ."

ಗುಡಿಯೇ ನಕ್ಕಿತು. ನನ್ನ ಹದಿನೈದು ವರ್ಷದ ಮರ್ಯಾದೆ ಅಲ್ಲೇ ಗಂಟೆಯ ಕೆಳಗೆ ಬಿತ್ತು. ಪುಸ್ತಕ ನಾನೇ ಹೊಲಿದದ್ದೆಂದು ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಬೀರವ್ವನನ್ನೇ ಎದುರಿಗೆ ಕೂರಿಸಿಕೊಂಡು ಹೊಲಿಗೆ ಬಿಚ್ಚಿದೆ. ನಾನು ಹಾಳೆಯ ಮೊದಲೆರಡು ಸಾಲು ಓದುವುದು. ಅವಳು ಕಣ್ಣು ಮುಚ್ಚಿ, "ಇದು ಹಾವು ಕಚ್ಚಿದ ಮ್ಯಾಲಿಂದು," "ಇದು ರಾಣಿ ಮುನಿಸ್ಕೊಳ್ಳೋಕಿಂತ ಮುಂಚೆ," ಎಂದು ಜಾಗ ತೋರಿಸುವುದು. ಊರಿನವರ ಸಂಸಾರ ಹೇಳಿದಷ್ಟೇ ಸಲೀಸು. ತನಗೆ ಓದಲು ಬಾರದ ಒಂದೊಂದು ಹಾಳೆಯನ್ನೂ ಹಣೆಗೆ ಮುಟ್ಟಿಸಿಯೇ ಕೆಳಗಿಡುತ್ತಿದ್ದಳು.

ಕೊನೆಗೆ ಎರಡು ಹಾಳೆ ಉಳಿದವು. ಸಾಲು ಓದಿದೆ, ಅವಳು ಅಡ್ಡಡ್ಡ ತಲೆಯಾಡಿಸಿದಳು. ಮತ್ತೆ ಓದಿದೆ. ಊಹೂಂ.

"ಕುರಿ ಉಣ್ಣೆ ಕತ್ತರಿಸೋ ದಿನ ಓದಿರಬೇಕ್ರಿ ಇದನ್ನ. ಆ ದಿನ ಬರಾಕಾಗಲ್ಲ ನಂಗೆ. ಏನೈತ್ರಿ ಅದ್ರಾಗ?"

ವರ್ಷವರ್ಷವೂ ಓದಿದ್ದ ನನಗೂ ಗೊತ್ತಿರಲಿಲ್ಲ.

"ಹಂಗಾರೆ ಓದ್ರಿ, ಇಬ್ರೂ ಕೇಳಾಣ," ಎಂದು ಅವಳು ಕಾಲು ಮಡಚಿ ಸರಿಯಾಗಿ ಕೂತಳು.

ಓದಿದೆ. ನಡುನಡುವೆ ಅವಳು "ಆಮ್ಯಾಲೆ?" ಎನ್ನುತ್ತಿದ್ದಳು. ನಾನು ರಾಗ ಬಿಟ್ಟು ಬರೀ ಕತೆ ಹೇಳತೊಡಗಿದೆ. ಎರಡನೆಯ ಹಾಳೆ ಮುಗಿದಾಗ, ಅವು ಎಲ್ಲಿಗೆ ಸೇರಬೇಕೆಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.