ಬಿಟ್ಟ ತೋಳು

ಹೋದ ತಿಂಗಳು ಗೋವೆಯ ಮ್ಹಾಪಸಾದ ಶುಕ್ರವಾರದ ಪೇಟೆಯಲ್ಲಿ ಹಳೆಯ ಸೋಫಾಕ್ಕೆ ಹೊದಿಕೆ ಹುಡುಕುತ್ತಿದ್ದೆ. ಅಂಗಡಿಯವನು ಹಸಿರು ರೆಕ್ಸಿನ್ನಿನ ಹೊಸ ಸುರುಳಿಯೊಂದನ್ನು ತಂದು ನನ್ನ ಮುಂದೆ ಬಿಚ್ಚಿದ. ಬಿಸಿಲಿಗೆ ಕಾದಿದ್ದ ಆ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಅವನು ಬೆಲೆ ಹೇಳುತ್ತಲೇ ಇದ್ದ, ನನಗೆ ಏನೂ ಕೇಳಿಸಲಿಲ್ಲ. ವಾಸ್ಕೋದ ಶಾಲೆಯೊಂದರ ಹಾಲ್‌ನಲ್ಲಿ ಸಾಲಾಗಿ ಹಾಸಿದ್ದ ಹಸಿರು ರೆಕ್ಸಿನ್ನಿನ ಮ್ಯಾಟುಗಳು, ಅವುಗಳ ನಡುವೆ ಮೊಣಕೈ ಹಿಡಿದುಕೊಂಡು ಕೂತ ಹೆಂಗಸು... ಬೇಡವೆಂದು ಹೇಳಿ ಎದ್ದು ಬಂದುಬಿಟ್ಟೆ.

ಅದು ಎರಡು ಸಾವಿರದ ಮೂರನೆಯ ಇಸವಿ. ಧಾರವಾಡದಿಂದ ಮದುವೆಯಾಗಿ ವಾಸ್ಕೋಗೆ ಬಂದ ನನಗಾಗ ಮೂವತ್ತು ವರ್ಷ. ನಮ್ಮ ಮನೆಯವರಿಗೆ ಬಂದರಿನ ಕಚೇರಿಯೊಂದರಲ್ಲಿ ನೌಕರಿ, ಗುಡ್ಡದ ಮೇಲಿನ ಕಾಲೊನಿಯಲ್ಲಿ ಮನೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆಯಷ್ಟರಲ್ಲಿ ಮತ್ತೆ ಅದಿರಿನ ಕೆಂಪು ಧೂಳು. ಒಂದು ದಿನ ಕಾಯಿಪಲ್ಲೆ ತಗೊಂಡು ಬರುವಾಗ ಬೈಕಿನವನೊಬ್ಬ ನನ್ನ ಕೊರಳಿಗೇ ಕೈ ಹಾಕಿ ಮಂಗಳಸೂತ್ರ ಕಿತ್ತುಕೊಂಡು ಹೋದ. ಕಾಲೊನಿಯ ಹೆಂಗಸರೆಲ್ಲ ಹೆದರಿದರು. ಯಾರದೋ ಪರಿಚಯದಿಂದ ಜೂಡೋ ಕಲಿಸುವ ಸರ್ ಒಬ್ಬರನ್ನು ಹುಡುಕಿದರು. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ನಾಲ್ಕಕ್ಕೆ, ಗುಡ್ಡದ ಕೆಳಗಿನ ಶಾಲೆ ಬಿಟ್ಟ ಮೇಲೆ, ಅಲ್ಲಿನ ಹಾಲ್‌ನಲ್ಲಿ ಕ್ಲಾಸು ಶುರುವಾಯಿತು.

ನಾವು ಹನ್ನೊಂದು ಜನ. ಜೂಡೋ ಒಬ್ಬರೇ ಕಲಿಯುವ ವಿದ್ಯೆಯಲ್ಲ, ಎತ್ತಿ ಹಾಕಲು ಎದುರಿಗೊಬ್ಬರು ಬೇಕು. ಐದು ಜೋಡಿಯಾಗಿ ನಾನೊಬ್ಬಳು ಉಳಿದೆ. ಹಾಲ್ ಗುಡಿಸಿ ನಮಗೆ ಮ್ಯಾಟು ಹಾಸಿಕೊಡುತ್ತಿದ್ದ ಹೆಂಗಸು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಸರ್ ಆಕೆಯನ್ನು ಕರೆದು, ಸೀರೆಯ ಮೇಲೆಯೇ ದಪ್ಪನೆಯ ಬಿಳಿ ಅಂಗಿ ತೊಡಿಸಿ, ನನ್ನ ಎದುರಿಗೆ ನಿಲ್ಲಿಸಿದರು. ಮುಂದಿನ ವಾರದಿಂದ ಆಕೆ ಯಾರದೋ ಹಳೆಯ ಸಲ್ವಾರ್ ಹಾಕಿಕೊಂಡು ಬರತೊಡಗಿದಳು. ಬಾಗಲಕೋಟೆ ಕಡೆಯಾಕೆ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಮುಂಜಾನೆಯಿಂದ ಮೂರರ ತನಕ ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತು, ಆಮೇಲೆ ಶಾಲೆ ಗುಡಿಸಲು ಬರುತ್ತಿದ್ದಳು.

ಅಷ್ಟು ದೊಡ್ಡವಳು ನನ್ನನ್ನು "ಅಕ್ಕಾರ" ಎನ್ನುತ್ತಿದ್ದಳು, ನಾನು ಆಕೆಯನ್ನು "ನೀ" ಎನ್ನುತ್ತಿದ್ದೆ. ಗೋವೆಯವರಾದ ಸರ್‌ಗೆ ಕನ್ನಡ ಅಷ್ಟಾಗಿ ಬರದಿದ್ದರೂ ಇದು ಮಾತ್ರ ಅರ್ಥವಾಗಿತ್ತು. "ಮ್ಯಾಟ್ ಪರ್ ಸಬ್ ಕೋ ಆಪ್" ಎಂದರು. ಹಾಗಾಗಿ ಮ್ಯಾಟಿನ ಮೇಲೆ "ರೀ" ಹಚ್ಚಿ ಮಾತಾಡುತ್ತಿದ್ದೆ. ಕೆಳಗಿಳಿದು ಚಪ್ಪಲಿ ಮೆಟ್ಟಿದ ಕೂಡಲೇ ಮತ್ತೆ "ನೀ".

ಮೊದಲ ತಿಂಗಳೆಲ್ಲ ಬೀಳುವುದನ್ನೇ ಕಲಿತೆವು. ಬೀಳುವಾಗ ನೆಲಕ್ಕೆ ಕೈ ಊರಬಾರದು, ಊರಿದರೆ ಎಲುಬು ಮುರಿಯುತ್ತದೆ. ಎದುರಿನವರು ಎರಡು ಸಲ ತಟ್ಟಿದರೆ ಹಿಡಿತ ಸಡಿಲಿಸಬೇಕು. ಎಲ್ಲಕ್ಕಿಂತ ಮುಖ್ಯ, ಎತ್ತಿ ಹಾಕಿದವರು ಬೀಳುವವರ ಅಂಗಿಯ ತೋಳನ್ನು ಕೊನೆಯ ತನಕ ಬಿಡಬಾರದು. ತೋಳು ಹಿಡಿದು ಮೇಲಕ್ಕೆ ಜಗ್ಗಿದರೆ ಬೀಳುವವರು ಮಗ್ಗುಲಿಗೆ ಮೆತ್ತಗೆ ಬೀಳುತ್ತಾರೆ. ಶುರುವಿಗೂ ಕೊನೆಗೂ ಒಬ್ಬರಿಗೊಬ್ಬರು ಬಾಗಿ ವಂದಿಸಬೇಕಿತ್ತು. ಅದೇಕೆಂದು ಒಬ್ಬಾಕೆ ಕೇಳಿದಾಗ ಸರ್ ಹಿಂದಿಯಲ್ಲಿ ಹೇಳಿದ್ದರು: ನೀವು ಕಲಿಯಲಿ ಅಂತ ಈಕೆ ತನ್ನ ಮೈಯನ್ನೇ ನಿಮ್ಮ ಕೈಗೆ ಕೊಡುತ್ತಾಳೆ, ಕೊಟ್ಟ ಹಾಗೆಯೇ ವಾಪಸು ಕೊಡಬೇಕು.

ನಾನು ಭಾಳ ಅಂಜುಬುರುಕಿ. ಆಕೆಯೇ ಧೈರ್ಯ ಹೇಳುತ್ತಿದ್ದಳು. "ಎತ್ತರೀ ಅಕ್ಕಾರ, ನನಗೇನ್ ಆಗೂದಿಲ್ಲ. ತೋಳ ಒಂದ ಗಟ್ಟಿ ಹಿಡೀರಿ, ಸಾಕು." ನನ್ನನ್ನು ಆಕೆ ಎತ್ತಿ ಹಾಕಿದಾಗ, ಸಿಮೆಂಟು ತಿಂದು ಒರಟಾದ ಆ ಕೈ ನನ್ನ ತೋಳನ್ನು ಎಂದೂ ಬಿಟ್ಟಿದ್ದಿಲ್ಲ. ನೆಲಕ್ಕೆ ಮೈ ತಾಗಿದ್ದೂ ಗೊತ್ತಾಗುತ್ತಿರಲಿಲ್ಲ. ಐದಾರು ತಿಂಗಳಲ್ಲಿ ನಾನು ಸೊಂಟದ ಮೇಲಿಂದ ಎತ್ತಿ ಹಾಕುವ ಪಟ್ಟು ಚಲೋ ಕಲಿತೆ. ಪೇಟೆಗೆ ಹೋಗುವಾಗ ಕೊರಳು ಮುಟ್ಟಿ ನೋಡಿಕೊಳ್ಳುವ ಚಟ ಬಿಟ್ಟುಹೋಯಿತು. ಆ ಧೈರ್ಯ ಆಕೆ ಕೊಟ್ಟದ್ದು.

ಒಂದು ಸಂಜೆ ಕ್ಲಾಸು ಮುಗಿಸಿ ಗುಡ್ಡ ಹತ್ತುವಾಗ ಎದುರು ಮನೆಯ ವೈನಿ ನನ್ನ ಹತ್ತಿರ ಸರಿದು ಕೇಳಿದರು. "ನಿಮ್ಮ ಜೋಡಿ ಎಲ್ಲಿರ್ತಾಳ ಗೊತ್ತೇನ್ರಿ? ಬಾಯ್ನಾದಾಗ! ಅಕಿ ಮೈಗೆ ಮೈ ಹಚ್ಚಿ ಆಡ್ತೀರಲ್ರಿ ನೀವು!"

ಬಾಯ್ನಾದ ಕಡಲ ದಂಡೆಯಲ್ಲಿ ಮೀನುಗಾರರಿದ್ದರು, ಬಂದರಿನ ಹಮಾಲರಿದ್ದರು, ನಮ್ಮ ಕಡೆಯಿಂದ ಕೂಲಿಗೆ ಬಂದ ಎಷ್ಟೋ ಸಂಸಾರಗಳಿದ್ದವು. ಆದರೆ ಮೈ ಮಾರುವವರ ಕೇರಿಯೂ ಅಲ್ಲೇ ಇದ್ದುದರಿಂದ, ಅಲ್ಲಿಯ ಹೆಂಗಸು ಅಂದರೆ ಗುಡ್ಡದ ಮೇಲಿನ ನಮಗೆಲ್ಲ ಒಂದೇ ಅರ್ಥ. ಆಕೆಗೆ ಗಂಡನಿದ್ದ, ಬಂದರಿನಲ್ಲಿ ಚೀಲ ಹೊರುತ್ತಿದ್ದ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದು ಮನೆಗೆ ಹೋಗಿ ಸಾಬೂನು ಹಚ್ಚಿ ಮೊಣಕೈ ತನಕ ಕೈ ತೊಳೆದುಕೊಂಡೆ.

ಆಮೇಲೆ ನನ್ನ ಹಿಡಿತ ಬದಲಾಯಿತು. ಮುಷ್ಟಿ ತುಂಬ ಹಿಡಿಯುತ್ತಿದ್ದ ತೋಳನ್ನು ಬೆರಳ ತುದಿಯಲ್ಲಿ ಹಿಡಿಯತೊಡಗಿದೆ. ಬಾಗಿ ವಂದಿಸುವಾಗ ಬೇರೆಲ್ಲೋ ನೋಡುತ್ತಿದ್ದೆ. ಆಕೆ ಒಮ್ಮೆ ಮೆಲ್ಲಗೆ, "ಯಾಕ್ರೀ ಅಕ್ಕಾರ, ಮೈಯಾಗ ಆರಾಮಿಲ್ಲೇನ್ರಿ?" ಎಂದು ಕೇಳಿದಳು. ಹಾಗೇನಿಲ್ಲವೆಂದೆ.

ವರ್ಷದ ಕೊನೆಗೆ ಸರ್ ಒಂದು ಸಣ್ಣ ಪ್ರದರ್ಶನ ಇಟ್ಟರು. ಕಾಲೊನಿಯ ಗಂಡಸರು ಕುರ್ಚಿಗಳಲ್ಲಿ ಕೂತಿದ್ದರು, ನಮ್ಮ ಮನೆಯವರೂ ಇದ್ದರು. ನಮ್ಮ ಸರದಿ ಬಂತು. ಬಾಗಿದೆವು. ಆಕೆಯ ಅಂಗಿ ಹಿಡಿದು, ತಿರುಗಿ, ಸೊಂಟದ ಮೇಲೆ ಎತ್ತಿದೆ. ಆಕೆಯ ಬೆವರಿದ ಕೆನ್ನೆ ನನ್ನ ಕೊರಳಿಗೆ ತಾಗಿತು. ಅದೇ ಹೊತ್ತಿಗೆ ಕುರ್ಚಿಗಳ ಸಾಲಿನಿಂದ ಯಾರೋ ಗಂಡಸು ಕಿಸಕ್ಕನೆ ನಕ್ಕ. ಯಾಕೆ ನಕ್ಕನೋ ಗೊತ್ತಿಲ್ಲ. ನಾಚಿಕೆಯಿಂದ ನನ್ನ ಮೈಯೆಲ್ಲ ಹಿಡಿಯಾಯಿತು. ತೋಳು ಹಿಡಿದಿದ್ದ ಬೆರಳುಗಳನ್ನು ಬಿಚ್ಚಿಬಿಟ್ಟೆ.

ಜಾರಲಿಲ್ಲ, ನಾನೇ ಬಿಚ್ಚಿದೆ. ಇಷ್ಟು ವರ್ಷಗಳಲ್ಲಿ ಜಾರಿತು ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ನಂಬಲಾಗಿಲ್ಲ.

ಆಧಾರ ತಪ್ಪಿದ ಆಕೆ ಕೈ ಮುಂದು ಮಾಡಿ ಬಿದ್ದಳು. ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ಸರ್ ಓಡಿ ಬಂದು ಆಕೆಯ ಮೊಣಕೈಯನ್ನು ಹಿಡಿದು, ಏನಾಯಿತೆಂದು ನನ್ನನ್ನು ಕೇಳಿದರು. ಎಲ್ಲರೂ ನೋಡುತ್ತಿದ್ದರು.

"ಅಕಿನಽ ಕೈ ಊರಿದ್ಲು ಸರ್," ಎಂದೆ.

ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. ನೋವಿಗೆ ತುಟಿಗಳು ಬಿಳಿಚಿದ್ದವು. ಆಮೇಲೆ ಸರ್ ಕಡೆ ತಿರುಗಿ, "ಹೌದ್ರಿ ಸರ್, ನಾನಽ ಕೈ ಊರಿದೆ," ಎಂದಳು.

ಹಿಂದೆ ವೈನಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. "ಕಂಡಕಂಡವರ್ನ ಕರಕೊಂಡ್ರ ಹಿಂಗಽ ಆಗೂದು." ನಾನು ಅಂಗಿ ಸರಿಮಾಡಿಕೊಂಡು ಉಳಿದವರ ಸಾಲಿಗೆ ಹೋಗಿ ನಿಂತೆ.

ಸರ್ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೈಗೆ ಪ್ಲಾಸ್ಟರ್ ಬಿತ್ತು. ಬುಟ್ಟಿ ಹೊರುವುದು ನಿಂತಿತು, ಶಾಲೆ ಗುಡಿಸಲು ಬೇರೊಬ್ಬಳು ಬಂದಳು. ನೋಡಲು ಹೋಗಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ಬಾಯ್ನಾದಲ್ಲಿ ಕಾಲಿಟ್ಟರೆ ಯಾರಾದರೂ ಕಂಡಾರು ಎಂಬ ಹೆದರಿಕೆಗೆ ಹೋಗಲಿಲ್ಲ.

ಎರಡು ಮೂರು ತಿಂಗಳ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಆಕೆಯೇ ಎದುರಾದಳು. ಪ್ಲಾಸ್ಟರ್ ತೆಗೆದಿದ್ದರು. ಕೈ ಪೂರ್ತಿ ನೇರವಾಗುತ್ತಿರಲಿಲ್ಲ, ಮೊಣಕೈಯಲ್ಲಿ ಸ್ವಲ್ಪ ಸೊಟ್ಟಗೆ ನಿಂತಿತ್ತು. ನನ್ನ ಮನೆಯವರ ಆರೋಗ್ಯ ಕೇಳಿದಳು, ಕ್ಲಾಸು ನಡೆಯುತ್ತಿದೆಯೇ ಎಂದು ಕೇಳಿದಳು. ನಾನು ಹೊರಡಲು ತಿರುಗಿದಾಗ ಕರೆದಳು.

"ಅಕ್ಕಾರ, ಒಂದ್ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅವತ್ತ ತೋಳ ಬೇಕಂತ ಬಿಟ್ರೇನ್ರಿ?"

"ಛೇ, ಇಲ್ಲ! ಕೈ ಜಾರಿತು," ಎಂದೆ.

ಆಕೆ ಸೊಟ್ಟ ಮೊಣಕೈಯನ್ನೊಮ್ಮೆ ಸವರಿಕೊಂಡಳು. "ಹಂಗಾರ ಆತ್ ಬಿಡ್ರಿ. ಎಲುಬು ಕೂಡತೈತಿ. ಬೇಕಂತ ಬಿಟ್ಟಿದ್ರ ಅದರದ್ದಽ ಭಾಳ ನೋವಾಗತಿತ್ತು ನನಗ," ಎಂದು ಹೇಳಿ, ಚಲೋ ಇರುವ ಕೈಯಲ್ಲಿ ಚೀಲ ಎತ್ತಿಕೊಂಡು ಹೋದಳು.

ಎರಡು ಸಾವಿರದ ನಾಲ್ಕರಲ್ಲಿ ಸರಕಾರದವರು ಬಾಯ್ನಾದ ಗುಡಿಸಲುಗಳನ್ನು ಕೆಡವಿದರು. ಸುದ್ದಿ ಕೇಳಿ ಎರಡು ದಿನ ತಡೆದುಕೊಂಡೆ, ಮೂರನೆಯ ದಿನ ಛತ್ರಿ ಹಿಡಿದು ಹೋದೆ. ಅಷ್ಟು ಹೆದರಿದ್ದ ಜಾಗದಲ್ಲಿ ನನ್ನನ್ನು ನೋಡುವವರು ಯಾರೂ ಉಳಿದಿರಲಿಲ್ಲ. ಮಳೆಯಲ್ಲಿ ತಗಡು, ಮುರಿದ ಒಲೆ, ಒಂದು ಮಗುವಿನ ಚಪ್ಪಲಿ. ತಗಡು ಆರಿಸುತ್ತಿದ್ದ ಮುದುಕನನ್ನು ಆಕೆಯ ಬಗ್ಗೆ ಕೇಳಿದೆ. "ಊರಿಗೆ ಹೋಗಿರಬೇಕ್ರಿ. ಯಾ ಊರ್ರೀ ಅವರದು?" ಎಂದ. ನನಗೆ ಗೊತ್ತಿರಲಿಲ್ಲ. ವರ್ಷದ ತುಂಬ ಆಕೆಯ ಮೈ ಹಿಡಿದು ಕಲಿತವಳು, ಊರಿನ ಹೆಸರು ಒಂದು ದಿನವೂ ಕೇಳಿರಲಿಲ್ಲ.

ನಾಲ್ಕು ವರ್ಷಗಳ ಮೇಲೆ ನಾವು ಮ್ಹಾಪಸಾಕ್ಕೆ ಬರುವ ಮುಂಚೆ ಸರ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನೀವು ಕೈ ಬಿಟ್ಟದ್ದನ್ನು ಅಂದೇ ನೋಡಿದ್ದೆ, ಎಂದರು ಅವರು. ನಿಮ್ಮ ತಪ್ಪೆಂದರೆ ನೀವೆಲ್ಲ ಎದ್ದು ಹೋಗಿ ಕ್ಲಾಸೇ ನಿಲ್ಲುತ್ತದೆ ಎಂದು ಸುಮ್ಮನಾದೆ, ಎಂದರು. ಅವರ ಹೆಂಡತಿ ತಂದಿಟ್ಟ ಚಹಾ ಆರಿಹೋಯಿತು.

ಪೇಟೆಯಿಂದ ಬಂದ ದಿನ ನಮ್ಮ ಮನೆಯವರಿಗೂ ಹೇಳಿದೆ. ಇಪ್ಪತ್ತು ವರ್ಷಗಳ ಮೇಲೆ, ಮೊದಲ ಸಲ. ಅವರು ಪೇಪರು ಮಡಚಿಟ್ಟು ಪೂರ್ತಿ ಕೇಳಿಸಿಕೊಂಡರು. "ಅಕಿ ನಿನ್ನ ಮಾತು ನಂಬಿದ್ಲಲ್ಲ, ಅಷ್ಟು ಸಮಾಧಾನ ಮಾಡ್ಕೊ," ಎಂದರು.

ನಂಬಿದ್ದಳೇ? ಬೀಳುವ ಕ್ಷಣದಲ್ಲಿ ತೋಳು ಸಡಿಲಾದದ್ದು ಬೀಳುವವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತದೆ... ಗೊತ್ತಿದ್ದೇ ಕೇಳಿದಳೇನೋ. ನಿಜ ಹೇಳಲು ನನಗೊಂದು ದಾರಿ ಕೊಟ್ಟು ನೋಡಿದಳೇನೋ. ನಾನು ಹೇಳದಿದ್ದಾಗ, ಅಂದು ಎಲ್ಲರ ಮುಂದೆ ಉಳಿಸಿದಂತೆ ಎರಡನೆಯ ಸಲವೂ ಉಳಿಸಿ ಹೊರಟುಹೋದಳೇನೋ. ಈಗ ಆಕೆಗೆ ಅರವತ್ತು ದಾಟಿರಬೇಕು. ಇದ್ದಾರೋ ಇಲ್ಲವೋ, ಅದೂ ನನಗೆ ತಿಳಿಯದು. ಸಿಕ್ಕರೆ ಒಂದೇ ಮಾತು ಹೇಳುವುದಿತ್ತು: ಹೌದ್ರಿ, ಬೇಕಂತನಽ ಬಿಟ್ಟೆ.