ಎಲೆಕ್ಷನ್ ಅತ್ತೆ

ಮೊನ್ನೆ ಕೊಪ್ಪದ ಬಸ್ಸಿನಲ್ಲಿ ಪಕ್ಕದವರ ಕಾಲಬಳಿ ಗೋಣಿ ಸುತ್ತಿದ ಉದ್ದನೆಯದೊಂದು ನಿಂತಿತ್ತು. ಅದರ ಎಣ್ಣೆ ವಾಸನೆ ನನ್ನ ಮೂಗಿಗೆ ಬಡಿಯಿತು. ಕೋವಿ. "ಇದಕ್ಕೂ ಒಂದು ಟಿಕೆಟ್ ಹರೀಲಾ ಮಾರಾಯ್ರೇ?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಚುನಾವಣೆ ಘೋಷಣೆಯಾದರೆ ನಮ್ಮ ಕಡೆ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿಗಳೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು. ಫಲಿತಾಂಶ ಬಂದ ಮೇಲೆಯೇ ಮನೆಗೆ ವಾಪಸ್ಸು. ಇಂಥದ್ದಕ್ಕೆ ಎಲ್ಲರಿಗಿಂತ ಮೊದಲು ಹಲ್ಲು ಕಿರಿಯುವವನು ನಾನು. ಮೊನ್ನೆ ಕಿಟಕಿಯಾಚೆ ನೋಡಿದೆ.

ನಮ್ಮೂರು ಮೇಗುಂದದಲ್ಲಿ ಪಕ್ಕದ ಮನೆಯ ಶಾರದತ್ತೆಗೆ ಚುನಾವಣೆಯ ಹುಚ್ಚು ಎಂದು ಸಾರಿದವನೂ ನಾನೇ. ಪಂಚಾಯ್ತಿ ಮುಗಿದರೆ ಅಸೆಂಬ್ಲಿ ಯಾವಾಗ, ಅದು ಮುಗಿದರೆ ಪಾರ್ಲಿಮೆಂಟ್ ಯಾವಾಗ ಎಂದು ಬೇಲಿಯಾಚೆಯಿಂದ ಕೇಳುವರು. ಗೆದ್ದವರು ಯಾರೆಂದು ಒಮ್ಮೆಯೂ ಕೇಳಿದವರಲ್ಲ. ಅದನ್ನು ಗಮನಿಸಬೇಕಿತ್ತು, ನೋಡಿ. ನನ್ನ ಕಿವಿಗೆ ಬಿದ್ದದ್ದು ಅವರ ರಾಗ ಮಾತ್ರ.

ಒಂದು ಉಪನಯನದ ಪಂಕ್ತಿಯಲ್ಲಿ ಟವೆಲ್ಲನ್ನು ಸೆರಗು ಮಾಡಿಕೊಂಡು, "ಮಾಣೀ, ಈ ವರ್ಷ ಎಂತ ಎಲೆಕ್ಷನ್ನೂ ಇಲ್ವನಾ?" ಎಂದು ಎಳೆದೆ. ಯಾರಿಗೋ ಪಾಯಸ ನೆತ್ತಿಗೇರಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆಯ ಗಂಡ, ನಮ್ಮ ಮಾವ.

ಕೈ ತೊಳೆಯುವಲ್ಲಿ ಅತ್ತೆ ಹತ್ತಿರ ಬಂದರು. "ಚೆಂದ ಮಾಡ್ತೀಯ ಮಾಣಿ. ಕೋವಿ ಸ್ಟೇಷನ್ನಲ್ಲಿದ್ರೆ ನಂಗೆ ನಿದ್ದೆ ಬರ್ತದೆ. ಅದಕ್ಕೇ ಕೇಳೋದು."

"ಮಾವ ಹೊಡೀತಾರಾ?"

"ಇಲ್ಲಪ್ಪ. ಬೈಯೋದೂ ಇಲ್ಲ. ಸಿಟ್ಟು ಬಂದ್ರೆ ಕೋವೀನ ತೊಡೆ ಮೇಲಿಟ್ಕೊಂಡು ಎದುರಿಗೆ ಕೂರ್ತಾರೆ. ಊಟ ಬಡಿಸು ಅಂತಾರೆ. ಅಷ್ಟೇ."

ನನ್ನ ಕೈ ನಲ್ಲಿಯ ಕೆಳಗೇ ಉಳಿಯಿತು. ಹಿಂದಿನ ಸಲ ಲೈಸೆನ್ಸ್ ನವೀಕರಣಕ್ಕೆ ಪೊಲೀಸರು ಬಂದು, ಮಾವನ ಸ್ವಭಾವ ಹೇಗೆ ಎಂದು ಕೇಳಿದ್ದು ನನ್ನನ್ನೇ. "ಮಂಗಗಳೂ ಅವ್ರಿಗೆ ನಮಸ್ಕಾರ ಮಾಡಿ ಹೋಗ್ತವೆ ಸಾರ್" ಎಂದು ಮಂಗನ ಹಾಗೆ ಕೈ ಮುಗಿದು ತೋರಿಸಿದ್ದೆ. ಕಾನೂನು ಅಕ್ಕಪಕ್ಕದವರ ಬಾಯಿಗೆ ಬಿಟ್ಟದ್ದು ಅದೊಂದೇ ಪ್ರಶ್ನೆ. ಅದನ್ನೂ ನಗಿಸಿ ಕಳಿಸಿದೆ.

"ಈ ಸಲ ಪೊಲೀಸ್ರಿಗೆ ನಾನೇ ಹೋಗಿ ಹೇಳ್ಲಾ ಅತ್ತೆ?"

ಅತ್ತೆ ನಲ್ಲಿ ನಿಲ್ಲಿಸಿದರು. "ನನ್ನ ಬಾಯಲ್ಲಿ ಬರೂದಿಲ್ಲ. ಎಲ್ರ ಮಾತೂ ಆಡ್ತೀಯಲ್ಲ, ನಂದೂ ಒಂದ್ಸಲ ಆಡು."

ಮಾವನಿಗೆ ಇನ್ನು ಕೋವಿ ವಾಪಸ್ಸು ಕೊಡಬೇಡಿ ಎನ್ನಲು ಹಾಗೆ ಹೊರಟಿದ್ದೆ ಮೊನ್ನೆ. ಸ್ಟೇಷನ್ನಿನಲ್ಲಿ ಪೇದೆ ಪೆನ್ನು ಹಿಡಿದು ಕೇಳಿದರು: ಹೊಡೆದಿದ್ದಾರಾ? ಇಲ್ಲ. ಕೊಲ್ತೀನಿ ಅಂದಿದ್ದಾರಾ? ಇಲ್ಲ. "ಮತ್ತೆಂತ ಮಾಡ್ತಾರೆ ಮಾರಾಯ?"

ಬೆಂಚಿನ ಮೇಲೆ ಕಾಲಗಲಿಸಿ ಕುಳಿತೆ. ನನ್ನ ಛತ್ರಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟೆ, ತುದಿ ಅವರ ಕಡೆಗಿತ್ತು. ಕಣ್ಣು ಮಿಟುಕಿಸದೆ ಅವರನ್ನೇ ನೋಡಿ, ಮಾವನ ಧ್ವನಿಯಲ್ಲಿ, ಮೆಲ್ಲಗೆ, "ಊಟ ಬಡಿಸು" ಎಂದೆ.

ಯಾರೂ ನಗಲಿಲ್ಲ. ಹಾಗೆ ಕುಳಿತಿರುವುದು ಎಷ್ಟು ಸುಖವಾಗಿತ್ತೆಂದರೆ, ನನಗೆ ನಾಚಿಕೆಯಾಯಿತು.

"ಛತ್ರಿ ಕೆಳಗಿಡಪ್ಪ," ಎಂದರು ಪೇದೆ. ಆಮೇಲೆ ಬರೆಯತೊಡಗಿದರು.